ಏಳು ಮಹಡಿಯ ತೊಟ್ಟಿಲು

ನಾನು ಇನ್ಸ್‌ಪೆಕ್ಟರ್ ಎಂದು ಯಾರಿಗೂ ಹೇಳಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಟ್ಟಡದಲ್ಲಿ ಈ ವಿಷಯಕ್ಕೆ ಇವತ್ತಿಗೂ ಎರಡು ಪಕ್ಷಗಳಿವೆ. ಬೇರೆಯವರು ಹಾಗೆಂದುಕೊಂಡಾಗ ಅಲ್ಲ ಎನ್ನಲಿಲ್ಲ, ನನ್ನ ತಪ್ಪು ಅಷ್ಟೇ. ಅಲ್ಲ ಎನ್ನಬೇಕಾದರೆ ಬಾಯಿ ತೆರೆಯಬೇಕಿತ್ತು. ಬಾಯಿ ತೆರೆದರೆ ಹೆಗಲ ಮೇಲಿನ ಮಗು ಎದ್ದುಬಿಡುತ್ತಿತ್ತು. ಎರಡು ವರ್ಷದ ಮಗುವನ್ನು ಹಗಲು ಹೊತ್ತಿನಲ್ಲಿ ಮಲಗಿಸಿ ಗೊತ್ತಿರುವ ಯಾವ ನ್ಯಾಯಾಧೀಶರೂ ನನಗೆ ಶಿಕ್ಷೆ ಕೊಡಲಾರರು.

ನಾವು ಈ ಪರದೇಶಕ್ಕೆ ಬಂದದ್ದು ನನ್ನ ಹೆಂಡತಿಯ ಕೆಲಸದ ಮೇಲೆ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಒಂದು ವರ್ಷದ ಕರಾರು. ನಾನು ಊರಿನಲ್ಲಿ ಹನ್ನೆರಡು ವರ್ಷ ಲಿಫ್ಟುಗಳ ತಪಾಸಣೆ ಮಾಡಿಕೊಂಡಿದ್ದವನು. ಲಿಫ್ಟು ಎಲ್ಲ ದೇಶದಲ್ಲೂ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಕೆಲಸಕ್ಕೇನು ಬರ ಎಂದು ರಾಜೀನಾಮೆ ಬಿಸಾಕಿ, ಪಾತ್ರೆಪಗಡ ನೆಂಟರಿಗೆ ಹಂಚಿ, ಮಗಳನ್ನು ಎತ್ತಿಕೊಂಡು ಹಿಂದೆಯೇ ಬಂದೆ. ಹನ್ನೊಂದು ತಿಂಗಳಲ್ಲಿ ಅರವತ್ತಮೂರು ಅರ್ಜಿ ಹಾಕಿದೆ. ಅರವತ್ತಮೂರು ಕಡೆಯಿಂದಲೂ ಬಂದ ಉತ್ತರ ಒಂದೇ: 'ನಿಮ್ಮ ಹೆಸರನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತೇವೆ.' ನನ್ನ ಹೆಸರನ್ನು ಇಷ್ಟು ಜನ ನೆನಪಿಟ್ಟುಕೊಂಡದ್ದು ನನ್ನ ಮದುವೆಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯಿಂದ ಒಂದು ಪತ್ರ ಬಂತು. ಹೆಂಡತಿಯ ಕರಾರು ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದುವರಿಸಲು ಆಗುವುದಿಲ್ಲ, ಸೇವೆಗೆ ಧನ್ಯವಾದ. ಇಲ್ಲಿಯ ವಾಸದ ಪರವಾನಗಿಯ ನಿಯಮ ಸರಳ: ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರ ಕೈಯಲ್ಲಾದರೂ ಕೆಲಸದ ಪತ್ರ ಇರಬೇಕು. ಇಲ್ಲದಿದ್ದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಕಟ್ಟಿಕೊಂಡು ಹೋಗೋಣವೆಂದರೆ ಊರಿನಲ್ಲಿ ನನ್ನ ಕುರ್ಚಿಯ ಮೇಲೆ ಆಗಲೇ ಬೇರೊಬ್ಬ ಕೂತು ಕಾಲು ಅಲ್ಲಾಡಿಸುತ್ತಿದ್ದ. ಹೆಂಡತಿ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಪಕ್ಕದಲ್ಲಿ ಇಪ್ಪತ್ತೆರಡು ಎಂದು ಬರೆದಳು. ದಿನಾ ಬೆಳಿಗ್ಗೆ ಹಾಲು ತೆಗೆಯುವಾಗ ಅದನ್ನು ಹೊಡೆದುಹಾಕಿ ಒಂದು ಕಡಿಮೆ ಬರೆಯುತ್ತಿದ್ದಳು. ನನಗೆ ಹಾಲು ಕಂಡರೇ ಎದೆ ಡವಡವ ಎನ್ನತೊಡಗಿತು.

ಮಗಳನ್ನು ಮನೆಯಲ್ಲಿ ಚಿನಕುರುಳಿ ಎಂದು ಕರೆಯುತ್ತೇವೆ, ಯಾಕೆಂದು ನೋಡಿದವರು ಕೇಳುವುದಿಲ್ಲ. ಹಗಲೆಲ್ಲ ಅವಳು ನನ್ನ ಪಾಲು. ಒಂದು ಕೈಯಲ್ಲಿ ಅರ್ಜಿ ಟೈಪು ಮಾಡುತ್ತಿದ್ದರೆ ಇನ್ನೊಂದು ಕೈಯಲ್ಲಿ ಅವಳ ಬಾಯಿಂದ ಸೋಪು ಕೀಳುತ್ತಿರುತ್ತೇನೆ. ಒಂದು ಅರ್ಜಿಯಲ್ಲಿ 'ನಿಮ್ಮ ಅನುಭವ' ಎನ್ನುವ ಜಾಗದಲ್ಲಿ ಅವಳು ಅಂಗೈಯಿಂದ ಬಡಿದ ನಾಲ್ಕು ಸಾಲು 'ಕಕಕಕಕ' ಹಾಗೇ ಹೋಗಿಬಿಟ್ಟಿತು. ಆ ಕಂಪನಿಯವರೂ ನಿಮ್ಮನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತೇವೆ ಎಂದೇ ಬರೆದರು. ಅವರೊಬ್ಬರ ಮಾತನ್ನು ನಾನು ನಂಬಿದೆ.

ಚಿನಕುರುಳಿಗೆ ಹಗಲು ನಿದ್ದೆ ಬೇಕು, ಆದರೆ ಮಲಗುವುದಿಲ್ಲ. ತೊಡೆಯ ಮೇಲೆ ಹಾಕಿ ತೂಗಿದೆ, ಜೋಗುಳ ಹಾಡಿದೆ. ನಾನೇ ಎರಡು ಸಲ ನಿದ್ದೆ ಹೋದೆ, ಅವಳು ನನ್ನ ಕಣ್ಣುರೆಪ್ಪೆ ಎತ್ತಿ ಒಳಗೆ ಯಾರಿದ್ದಾರೆಂದು ನೋಡಿದಳು. ಒಂದು ದಿನ ಹಾಲು ತರಲು ಅವಳನ್ನು ಹೆಗಲಿಗೆ ಹಾಕಿಕೊಂಡು ಆರನೇ ಮಹಡಿಯ ನಮ್ಮ ಮನೆಯಿಂದ ಲಿಫ್ಟಿನಲ್ಲಿ ಇಳಿದೆ. ನೆಲ ಮುಟ್ಟುವುದರೊಳಗೆ ಅವಳು ಗೊರಕೆ ಹೊಡೆಯುತ್ತಿದ್ದಳು. ಆನಂದದಿಂದ ಮೇಲೆ ತಂದು ಹಾಸಿಗೆಯ ಹತ್ತಿರ ಬಗ್ಗಿದೆ, ಎರಡೂ ಕಣ್ಣು ತೆರೆದವು. ಮತ್ತೆ ಲಿಫ್ಟು, ಮತ್ತೆ ಗೊರಕೆ. ಅದು ಹಳೇ ಲಿಫ್ಟು, ನಿಧಾನವಾಗಿ ಗುಂಯ್ ಎನ್ನುತ್ತಾ ತೂಗಿಕೊಂಡು ಹೋಗುತ್ತದೆ. ಅಂದಿನಿಂದ ದಿನಾ ಹನ್ನೊಂದೂವರೆಗೆ ನಾನು ಲಿಫ್ಟು ಹತ್ತಿ, ಏಳನೇ ಗುಂಡಿ ಒತ್ತಿ, ಏಳರಲ್ಲಿ ಸೊನ್ನೆ ಒತ್ತಿ, ಮುಕ್ಕಾಲು ಗಂಟೆ ಏಳು ಮಹಡಿಯ ತೊಟ್ಟಿಲು ತೂಗುತ್ತಿದ್ದೆ.

ಇಲ್ಲಿ ನನ್ನ ಉಡುಪಿನ ವಿಷಯ ಹೇಳಬೇಕು. ನಮ್ಮ ಅತ್ತೆ ದಿನಾ ಊರಿನಿಂದ ವಿಡಿಯೋ ಫೋನು ಮಾಡಿ, "ಏನ್ ಅಳಿಯಂದ್ರೇ, ಕೆಲ್ಸ ಸಿಕ್ತಾ?" ಎಂದು ಕೇಳುತ್ತಾರೆ. ಒಂದು ದಿನ, "ಯಾವ್ ಹೊತ್ನಲ್ಲಿ ಯಾವ್ ಕಂಪ್ನಿಯವ್ರು ಮುಖ ನೋಡ್ಬೇಕು ಅಂತಾರೋ ಏನೋ, ಹಿಂಗೆ ಬನೀನಲ್ಲಿ ಕೂತಿದ್ರೆ ಯಾರು ಕೊಡ್ತಾರೆ? ಯಾವಾಗ್ಲೂ ತಯಾರಾಗಿರಿ" ಎಂದರು. ಅಂದಿನಿಂದ ಇಸ್ತ್ರಿ ಅಂಗಿ, ಟೈ. ಫೋನಿನಲ್ಲಿ ಕಾಣುವುದು ಸೊಂಟದ ಮೇಲೆ ಮಾತ್ರ ಆದ್ದರಿಂದ ಕೆಳಗೆ ಪಟ್ಟೆ ಪೈಜಾಮ, ಚಪ್ಪಲಿ. ಕೈಯಲ್ಲಿ ಒಂದು ನೋಟ್‌ಬುಕ್ಕು, ಮಗು ಎಷ್ಟು ನಿಮಿಷ ಮಲಗಿತು ಎಂದು ಹೆಂಡತಿಗೆ ಲೆಕ್ಕ ಒಪ್ಪಿಸಲು. ಆದರೆ ಹನ್ನೆರಡು ವರ್ಷದ ಚಾಳಿ ಎಲ್ಲಿ ಹೋಗುತ್ತದೆ? ಬಾಗಿಲು ಮುಚ್ಚಲು ಎಷ್ಟು ಸೆಕೆಂಡು, ಒಬ್ಬನೇ ಇದ್ದಾಗ ಲಿಫ್ಟು ನೆಲಕ್ಕಿಂತ ಎಷ್ಟು ಬೆರಳು ಮೇಲೆ ನಿಂತಿತು, ಜನ ತುಂಬಿದಾಗ ಎಷ್ಟು ಕೆಳಗೆ ನಿಂತಿತು, ಎಲ್ಲವನ್ನೂ ಕೈ ತಾನಾಗಿ ಬರೆಯುತ್ತಿತ್ತು.

ಲಿಫ್ಟಿನೊಳಗೆ ಅದನ್ನು ನೋಡಿಕೊಳ್ಳುವ ಕಂಪನಿಯ ಫಲಕ ಇತ್ತು. ದಿನಕ್ಕೆ ಮುಕ್ಕಾಲು ಗಂಟೆ ಅದೊಂದನ್ನೇ ಓದಿ ಓದಿ, ಅಲ್ಲಿಗೂ ಇರಲಿ ಎಂದು ಅರವತ್ತನಾಲ್ಕನೇ ಅರ್ಜಿ ಬಿಸಾಕಿದೆ. ಪವಾಡ ನಡೆಯಿತು. ಬುಧವಾರ ಹನ್ನೊಂದೂವರೆಗೆ ಮುಖ್ಯ ಎಂಜಿನಿಯರ್ ಸ್ವತಃ ನಿಮ್ಮನ್ನು ವಿಡಿಯೋದಲ್ಲಿ ಸಂದರ್ಶನ ಮಾಡುತ್ತಾರೆ ಎಂದು ಉತ್ತರ ಬಂತು. ಹನ್ನೊಂದು ತಿಂಗಳಲ್ಲಿ ಸಿಕ್ಕ ಒಂದೇ ಒಂದು ಸಂದರ್ಶನ. ಹೆಂಡತಿ ಆ ಬುಧವಾರಕ್ಕೆ ಅರ್ಧ ದಿನ ರಜೆ ಹಾಕಿದಳು. ಫ್ರಿಜ್ಜಿನ ಮೇಲೆ ಆಗ ಹತ್ತೊಂಬತ್ತು ಎಂದಿತ್ತು.

ಆ ಬುಧವಾರಕ್ಕೆ ಆರು ದಿನ ಮುಂಚೆ, ಗುರುವಾರ, ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಅಲ್ಲಿಯ ಅಜ್ಜಿ ತಮ್ಮ ಎರಡು ಗಾಲಿಯ ಸಾಮಾನಿನ ಗಾಡಿ ಎಳೆದುಕೊಂಡು ಒಳಗೆ ಬಂದರು. ಟೈ ನೋಡಿದರು, ಪುಸ್ತಕ ನೋಡಿದರು, ನಾನು ಬಗ್ಗಿ ಹೊಸ್ತಿಲಿಗೆ ಬೆರಳಿಟ್ಟು ಅಳೆಯುವುದನ್ನು ನೋಡಿದರು. ಇಲ್ಲಿಯ ಜನ ಆಡುವುದು ಅವರ ಭಾಷೆ. ರುಚಿ ಕೆಡದ ಹಾಗೆ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಅಂತೂ ಕಳಿಸಿದ್ರಲ್ಲ ನಿಮ್ಮ ಇಲಾಖೆಯವ್ರು!" ಎಂದರು ಅಜ್ಜಿ. "ಎರಡು ವರ್ಷದಿಂದ ಪತ್ರ ಬರೀತಿದ್ದೀನಿ, ಈ ಲಿಫ್ಟು ನೆಟ್ಟಗೆ ನಿಲ್ಲಲ್ಲ, ನನ್ನ ಗಾಡಿ ಸಿಕ್ಕಿಹಾಕ್ಕೊಳ್ಳುತ್ತೆ ಅಂತ. ನೀನೇ ತಾನೆ ಲಿಫ್ಟು ಪರೀಕ್ಷೆ ಮಾಡೋಕೆ ಬಂದಿರೋನು?"

ಹೆಗಲ ಮೇಲೆ ಚಿನಕುರುಳಿ ಮಿಸುಕಿದಳು. ನಾನು ಗಾಬರಿಯಾಗಿ ತುಟಿಯ ಮೇಲೆ ಬೆರಳಿಟ್ಟು, "ಶ್" ಎಂದೆ.

ಅಜ್ಜಿಯ ಕಣ್ಣು ಅರಳಿತು. ಲಿಫ್ಟಿನ ನಾಲ್ಕು ಮೂಲೆಯನ್ನೂ ನೋಡಿ, "ಓ, ಗುಟ್ಟಾ?" ಎಂದು ಪಿಸುಗುಟ್ಟಿದರು. "ತಿಳೀತು ಬಿಡಪ್ಪಾ. ನನ್ನ ಬಾಯಿಂದ ಒಂದು ಮಾತು ಆಚೆ ಬರಲ್ಲ."

ಅಜ್ಜಿ ನುಡಿದಂತೆ ನಡೆದರು. ಒಂದು ಮಾತು ಆಚೆ ಬರಲಿಲ್ಲ, ಎಲ್ಲ ಮಾತೂ ಬಂದವು.

ಶುಕ್ರವಾರ ಬೆಳಗಾಗುವುದರೊಳಗೆ ಇಡೀ ಕಟ್ಟಡಕ್ಕೆ ನಾನು ಯಾರೆಂದು ತಿಳಿದುಹೋಗಿತ್ತು, ನನ್ನೊಬ್ಬನನ್ನು ಬಿಟ್ಟು. ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ಮೆಟ್ಟಿಲ ಬಳಿ ಒಂದು ಉಪನ್ಯಾಸವನ್ನೇ ಮಾಡಿದರಂತೆ. ಆಮೇಲೆ ಅವರೇ ನಾಚಿಕೊಂಡು ನನಗೆ ಹೇಳಿದ್ದು ಇದು.

"ಆರನೇ ಮಹಡೀಲಿ ಹನ್ನೊಂದು ತಿಂಗಳಿಂದ ಮನೆ ಮಾಡ್ಕೊಂಡು ಕಣ್ಣಿಟ್ಟಿದ್ದಾನೆ ನೋಡಿ! ಗಂಡಸು ಕೆಲಸಕ್ಕೆ ಹೋಗದೆ ಮನೇಲೇ ಇರ್ತಾನಲ್ಲ, ಏನೋ ಇದೆ ಅಂತ ನನಗೆ ಮೊದಲೇ ಅನುಮಾನ."

"ಮತ್ತೆ ಪೈಜಾಮ ಯಾಕೆ?" ಎಂದು ಐದನೇ ಮಹಡಿಯ ನಾಯಿಯವರು ಕೇಳಿದರಂತೆ. ಅವರ ನಾಯಿ ಕರುವಿನಷ್ಟಿದೆ.

"ಅದೇ ಜಾಣತನ. ಪೈಜಾಮ ಹಾಕಿದ ಇನ್ಸ್‌ಪೆಕ್ಟರನ್ನ ಯಾರಾದ್ರೂ ನೋಡಿದ್ದೀರಾ? ಇಲ್ವಲ್ಲ? ಅದಕ್ಕೇ ಹಾಕಿರೋದು."

"ಮಗು?"

"ತೂಕಕ್ಕೆ. ಇಲಾಖೆಯವರು ಇಷ್ಟೇ ಕಿಲೋ ಅಂತ ಅಳೆದು ಕೊಟ್ಟಿರ್ತಾರೆ."

ಅವತ್ತಿನಿಂದ ಹನ್ನೊಂದೂವರೆ ಆಯಿತೆಂದರೆ ಪ್ರತಿ ಮಹಡಿಯಲ್ಲೂ ಒಬ್ಬರು ಕಾದಿರುತ್ತಿದ್ದರು. ಒಳಗೆ ಬಂದು, ನನ್ನ ಮುಖ ನೋಡದೆ ಗೋಡೆ ನೋಡುತ್ತಾ, ಗುಟ್ಟು ಕೆಡದಂತೆ ಪಿಸುಮಾತಿನಲ್ಲಿ ದೂರು ಹೇಳಿ ಇಳಿದುಹೋಗುತ್ತಿದ್ದರು. ಏಳನೇ ಮಹಡಿಯಲ್ಲಿ ಸುಟ್ಟ ವಾಸನೆ ಬರುತ್ತದೆ. ಬಾಗಿಲು ನಾಯಿಯ ಬಾಲ ಹಿಡಿಯಿತು. ಮೇಷ್ಟ್ರಂತೂ ಎರಡು ಪುಟ ಬರೆದು ತಂದು, ಕೆಳಗೆ ಗೆರೆ ಎಳೆದು ಕೊಟ್ಟರು. ನಾನು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: "ನೋಡೋಣ." ನನ್ನ ಜೀವಮಾನದಲ್ಲಿ ಎಷ್ಟೋ ಕಚೇರಿಗಳ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡ ಮಾತು ಅದು. ಅದನ್ನು ಆಚೆ ಕಡೆ ನಿಂತು ಹೇಳುವುದರಲ್ಲಿ ಇಂಥ ಸುಖ ಇದೆ ಎಂದು ಗೊತ್ತಿರಲಿಲ್ಲ.

ಸುಳ್ಳು ಯಾಕೆ ಹೇಳಲಿ, ನನಗೆ ಹಿಡಿಸಿತು. ಹನ್ನೊಂದು ತಿಂಗಳಿಂದ ಈ ದೇಶದಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ, ದಾರಿ ಬಿಡಿ ಎನ್ನುವುದನ್ನು ಬಿಟ್ಟು. ಶನಿವಾರ ಜೇಬಿಗೆ ಎರಡನೇ ಪೆನ್ನು ಸಿಕ್ಕಿಸಿದೆ. ಹೆಂಡತಿ ಗಮನಿಸಿದಳು. ರಕ್ತ ನೋಡಿ ರೋಗ ಹೇಳುವವಳಿಗೆ ಪೆನ್ನು ನೋಡಿ ಗಂಡನ ರೋಗ ಹೇಳುವುದು ಎಷ್ಟರ ಮಾತು?

"ಏನ್ರೀ ಇದು ಎರಡೆರಡು ಪೆನ್ನು?"

ಹೇಳಿದೆ. ಅವಳು ಸೌಟು ಕೆಳಗಿಟ್ಟಳು.

"ಅಲ್ಲಾ ರೀ, ನಾನು ಇನ್ಸ್‌ಪೆಕ್ಟರ್ ಅಲ್ಲ ಅಂತ ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಮಗೆ?"

"ಮಗು ಮಲಗಿತ್ತು."

"ಮಗು ಮಲಗಿತ್ತಂತೆ! ನೀವು ಎದ್ದಿದ್ರಲ್ಲ? ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ. ಇನ್ನು ಹದಿನೇಳು ದಿನ ಇದೆ ರೀ. ಬುಧವಾರದ ಸಂದರ್ಶನ ಒಂದು ನೆಟ್ಟಗಾಗ್ಲಿ, ಈ ವೇಷ ಎಲ್ಲ ಬಿಡಿ."

"ನೋಡೋಣ" ಎಂದುಬಿಟ್ಟೆ. ಬಾಯಿಗೆ ರೂಢಿಯಾಗಿತ್ತು. ಆ ರಾತ್ರಿ ಊಟ ನಾನೇ ಬಡಿಸಿಕೊಂಡೆ.

ಸೋಮವಾರ ವಿಷಯ ಕಟ್ಟಡದ ಉಸ್ತುವಾರಿಯವನ ಕಿವಿಗೆ ಬಿತ್ತು. ಅವನ ಸೊಂಟದಲ್ಲಿ ಬೀಗದಕೈಗಳ ದೊಡ್ಡ ಗೊಂಚಲು ಇರುವುದರಿಂದ ನಾವು ಗೊಂಚಲಣ್ಣ ಎನ್ನುತ್ತೇವೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನು. ಮೊದಲು ಕಟ್ಟಡದ ಮಾಲೀಕರ ಮ್ಯಾನೇಜರಿಗೆ ಫೋನು ಮಾಡಿದನಂತೆ. ಬೆಳಿಗ್ಗೆ ಹತ್ತರೊಳಗೆ ಲಿಫ್ಟಿನ ಕನ್ನಡಿ ಫಳಫಳ, ಹೊಸ ಬಲ್ಬು, ಬಾಗಿಲಿಗೆ ಎಣ್ಣೆ. ಒಂದು ಕಿರುಗುಟ್ಟುವಿಕೆ ಇಲ್ಲ. ಚಿನಕುರುಳಿ ಅವತ್ತು ಒಂದು ಗಂಟೆ ಹತ್ತು ನಿಮಿಷ ಮಲಗಿದಳು, ನಮ್ಮ ಮನೆತನದ ದಾಖಲೆ. ನಾನು ಲಿಫ್ಟಿನಿಂದ ಹೊರಬಂದು ಅತ್ತೆಯ ಫೋನು ಎತ್ತಿದ್ದೆನಷ್ಟೆ, ಹಿಂದಿನಿಂದ ಗೊಂಚಲಣ್ಣ ಬಂದು ಟಪ್ಪನೆ ಸಲ್ಯೂಟ್ ಹೊಡೆದ. ಅತ್ತೆ ಅದನ್ನು ವಿಡಿಯೋದಲ್ಲಿ ಕಣ್ಣಾರೆ ಕಂಡರು.

"ಅಳಿಯಂದ್ರೇ! ಯಾರದು ಪೊಲೀಸು? ನಿಮಗೆ ಯಾಕೆ ಸಲ್ಯೂಟು ಹೊಡೆದಾ?"

"ಏನಿಲ್ಲ ಅತ್ತೆ, ಅವನು..."

"ಆಫೀಸರ್ ಆಗ್ಬಿಟ್ರಾ! ಒಂದು ಮಾತು ಹೇಳ್ಬಾರ್ದಾ? ಅಯ್ಯೋ ನನ್ನಪ್ಪಾ, ಇಡ್ತೀನಿ, ಮೊದ್ಲು ನನ್ನ ತಂಗಿಗೆ ಹೇಳ್ಬೇಕು."

ಸಂಜೆಯೊಳಗೆ ಊರಿನ ಹದಿನಾಲ್ಕು ಮನೆಯಿಂದ ಅಭಿನಂದನೆ ಬಂತು. ಒಬ್ಬ ದೂರದ ಚಿಕ್ಕಪ್ಪ ತಮ್ಮ ಮಗನ ವಿದ್ಯಾಭ್ಯಾಸದ ವಿವರ ಕಳಿಸಿ, 'ನಿಮ್ಮ ಕೈ ಕೆಳಗೆ ಏನಾದರೂ ಇದ್ದರೆ' ಎಂದು ಬರೆದಿದ್ದರು. ನನ್ನ ಕೈ ಕೆಳಗೆ ಇದ್ದವಳು ಆಗ ನನ್ನ ಚಪ್ಪಲಿ ಅಗಿಯುತ್ತಿದ್ದಳು.

ಮಂಗಳವಾರ ಸಂಜೆ ಆ ಲಿಫ್ಟು ಕಂಪನಿಯಿಂದ ಪತ್ರ ಬಂತು. ನಾವು ನೋಡಿಕೊಳ್ಳುವ ಕಟ್ಟಡವೊಂದರಲ್ಲಿ ಸರ್ಕಾರದ ಇನ್ಸ್‌ಪೆಕ್ಟರ್ ಒಬ್ಬರು ಹಲವು ದಿನಗಳಿಂದ ಗುಪ್ತ ತಪಾಸಣೆ ನಡೆಸುತ್ತಿದ್ದಾರೆ. ಅದರ ಫಲ ತಿಳಿಯುವವರೆಗೆ ಹೊಸದಾಗಿ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ನಿಮ್ಮ ನಾಳಿನ ಸಂದರ್ಶನ ರದ್ದಾಗಿದೆ.

ನನಗೆ ಸಿಟ್ಟು ನೆತ್ತಿಗೇರಿತು. "ಯಾವನೇ ಅವನು ಇನ್ಸ್‌ಪೆಕ್ಟರು? ಹಾಳಾದೋನು! ಹನ್ನೊಂದು ತಿಂಗಳಿಗೆ ಒಂದು ಸಂದರ್ಶನ, ಅದಕ್ಕೂ ಕಲ್ಲು ಹಾಕಿದನಲ್ಲ! ಅವನಿಗೆ ಹೆಂಡ್ತಿ ಮಕ್ಕಳು ಇಲ್ವಾ? ಕದ್ದು ಮುಚ್ಚಿ ಲಿಫ್ಟಲ್ಲಿ ಓಡಾಡೋಕೆ ನಾಚಿಕೆ ಆಗಲ್ವಾ? ಅವನ ಮನೆ ಎಕ್ಕುಟ್ಟಿ ಹೋಗ!"

ಹೆಂಡತಿ ನಾನು ಪೂರ್ತಿ ಬೈದು ಮುಗಿಸುವವರೆಗೂ ತಾಳ್ಮೆಯಿಂದ ಕೇಳಿದಳು. ಆಮೇಲೆ ಪತ್ರದಲ್ಲಿ ಕಟ್ಟಡದ ವಿಳಾಸ ಇದ್ದ ಸಾಲಿನ ಮೇಲೆ ಬೆರಳಿಟ್ಟಳು. ಓದಿದೆ. ನಮ್ಮ ಮನೆಯ ಬಾಗಿಲಿನ ಹೊರಗೆ ಬರೆದಿರುವುದೂ ಅದೇ.

ಚಿನಕುರುಳಿ ನನ್ನ ದನಿಯನ್ನೇ ಅನುಕರಿಸಿ "ಎಕ್ಕುಟ್ಟಿ, ಎಕ್ಕುಟ್ಟಿ" ಎಂದು ಕುಣಿದಳು.

"ಇದು ಪೊಲೀಸಿಗೆ ಹೋದ್ರೆ?" ಎಂದಳು ಹೆಂಡತಿ. "ಸರ್ಕಾರಿ ಅಧಿಕಾರಿ ಅಂತ ಮೋಸ ಮಾಡಿದ್ರು ಅಂದ್ರೆ ಹದಿನಾಲ್ಕು ದಿನ ಏನು, ನಾಳೇನೇ ಕಳಿಸ್ತಾರೆ. ಬೆಳಿಗ್ಗೆ ಎದ್ದು ಮೊದಲು ಆ ಗೊಂಚಲಣ್ಣನಿಗೆ ನಿಜ ಹೇಳಿ. ನಾನು ಆಸ್ಪತ್ರೆಯಿಂದ ಮಧ್ಯಾಹ್ನದ ಹೊತ್ತಿಗೆ ಬಂದುಬಿಡ್ತೀನಿ."

ಬುಧವಾರ ಎಂಟಕ್ಕೇ ಗೊಂಚಲಣ್ಣನ ಮುಂದೆ ನಿಂತೆ. "ನೋಡಪ್ಪಾ, ನಾನು ಇನ್ಸ್‌ಪೆಕ್ಟರ್ ಅಲ್ಲ."

ಅವನು ಸುತ್ತಮುತ್ತ ನೋಡಿ ಕಣ್ಣು ಹೊಡೆದ. "ಗೊತ್ತು ಸಾರ್. ನೀವು ಇನ್ಸ್‌ಪೆಕ್ಟರ್ ಅಲ್ಲ. ನಾನು ನಿಮ್ಮನ್ನ ನೋಡೇ ಇಲ್ಲ."

"ಅಯ್ಯೋ, ನಿಜವಾಗ್ಲೂ ಅಲ್ಲ ಮಾರಾಯಾ! ನನಗೆ ಕೆಲಸವೇ ಇಲ್ಲ."

"ಎಂಥಾ ಮಾತು ಸಾರ್! ಇಷ್ಟು ದಿನ ಲಿಫ್ಟಲ್ಲಿ ನಿಂತಿದ್ದೀರಿ, ಕೆಲಸ ಇಲ್ದೆ ಇರೋನು ಹಂಗೆ ನಿಲ್ತಾನಾ?" ಎಂದವನೇ ಇದ್ದಕ್ಕಿದ್ದಂತೆ ಕೈ ಮುಗಿದ. "ಸಾರ್, ಬಡವ. ಸುಟ್ಟ ವಾಸನೆ ಅಂತ ನಾನು ಮ್ಯಾನೇಜರಿಗೆ ಮೂರು ಸಲ ಹೇಳಿದ್ದೆ. ಸುಮ್ನಿರು ಅಂದ್ರು. ನನ್ನ ಹೆಸರು ಮಾತ್ರ ಬರೀಬೇಡಿ."

ಹನ್ನೊಂದೂವರೆಗೆ ಸರಿಯಾಗಿ ಚಿನಕುರುಳಿ ಕಣ್ಣುಜ್ಜಿದಳು. ಲೋಕವೇ ಮುಳುಗಲಿ, ಆ ಹೊತ್ತಿಗೆ ನಿದ್ದೆ ಬೇಕು. ಲಿಫ್ಟು ಹತ್ತಿದೆ. ಎರಡು ಸುತ್ತಿನಲ್ಲಿ ಅವಳು ಮಲಗಿದಳು. ಮೂರನೇ ಸಲ ಕೆಳಗಿಳಿದು ಬಾಗಿಲು ತೆರೆದಾಗ ಎದುರಿಗೆ ಒಂದು ಸಭೆಯೇ ನಿಂತಿತ್ತು. ಕಟ್ಟಡದ ಮಾಲೀಕರ ಮ್ಯಾನೇಜರು ಕೈಯಲ್ಲಿ ಫೈಲು ಹಿಡಿದು ನಗುತ್ತಿದ್ದರು. ಪಕ್ಕದಲ್ಲಿ ನರೆಗೂದಲಿನ, ಎಣ್ಣೆ ಕಲೆಯ ಕೋಟಿನ ಹೆಂಗಸೊಬ್ಬರು ಉಪಕರಣದ ಪೆಟ್ಟಿಗೆ ಹಿಡಿದು ನಗದೆ ನಿಂತಿದ್ದರು. ಲಿಫ್ಟು ಕಂಪನಿಯ ಮುಖ್ಯ ಎಂಜಿನಿಯರಮ್ಮ. ನನ್ನ ಸಂದರ್ಶನಕ್ಕೆಂದು ಇಟ್ಟಿದ್ದ ಹೊತ್ತಿನಲ್ಲೇ ನನ್ನನ್ನು ನೋಡಲು ಬಂದಿದ್ದರು. ಅವರ ಹಿಂದೆ ಮೇಷ್ಟ್ರು, ನಾಯಿಯವರು, ನಾಯಿ, ಗೊಂಚಲಣ್ಣ.

ನಾನು ಹೊರಗೆ ಬಂದೆ. ಮಾತು ಶುರುವಾಗುವ ಮೊದಲೇ ಮೇಲಿನಿಂದ ಯಾರೋ ಗುಂಡಿ ಒತ್ತಿದರು, ಲಿಫ್ಟು ಹೊರಟುಹೋಯಿತು.

"ಬನ್ನಿ ಸಾರ್, ಬನ್ನಿ" ಎಂದರು ಮ್ಯಾನೇಜರು ಪಿಸುಮಾತಿನಲ್ಲಿ. ಗುಟ್ಟಿನ ಪದ್ಧತಿ ಅವರಿಗೂ ಗೊತ್ತಾಗಿತ್ತು. "ನಿಮಗೆ ತೊಂದರೆ ಕೊಡಲ್ಲ. ಲಿಫ್ಟು ಸುಸ್ಥಿತಿಯಲ್ಲಿದೆ ಅಂತ ನಾವೇ ಬರೆದು ತಂದಿದ್ದೀವಿ. ಕೆಳಗೆ ಒಂದು ಸಹಿ ಹಾಕ್ಬಿಡಿ. ಫೈಲು ಇವತ್ತೇ ಮುಚ್ಚಿಹೋಗುತ್ತೆ. ಇವರ ಕಂಪನೀಲೂ ನಿಂತಿರೋ ಕೆಲಸ ಎಲ್ಲ ನಾಳೆಯಿಂದ ಶುರುವಾಗುತ್ತೆ, ಅಲ್ವಾ ಮೇಡಂ?"

"ಹೌದು" ಎಂದರು ಎಂಜಿನಿಯರಮ್ಮ ಚುಟುಕಾಗಿ. "ಇವತ್ತೇ ಒಬ್ಬರ ಸಂದರ್ಶನ ಇತ್ತು. ಅದನ್ನೂ ಇಡಬಹುದು."

ಓದುಗರು ನನ್ನ ಸ್ಥಿತಿಯನ್ನು ಯೋಚಿಸಬೇಕು. ಒಂದು ಸಹಿ. ಫೈಲು ಮುಚ್ಚುತ್ತದೆ, ಸಂದರ್ಶನ ನಡೆಯುತ್ತದೆ, ಕೆಲಸ ಸಿಗಬಹುದು, ಫ್ರಿಜ್ಜಿನ ಮೇಲೆ ಅಂಕಿ ಬರೆಯುವುದು ನಿಲ್ಲುತ್ತದೆ. ಯಾರ ಸಹಿ, ಯಾವ ಇಲಾಖೆ ಎಂದು ಯಾರೂ ಕೇಳುತ್ತಿರಲಿಲ್ಲ. ಜೇಬಿನಲ್ಲಿ ಪೆನ್ನು ಬೇರೆ ಎರಡಿದ್ದವು. ದೇವರಾಣೆಗೂ ಹೇಳುತ್ತೇನೆ, ಒಂದರ ಮುಚ್ಚಳ ತೆಗೆದೆ.

ಆಗ ಲಿಫ್ಟು ಕೆಳಗೆ ಬಂತು. ಬಾಗಿಲು ತೆರೆಯಿತು, ಒಳಗೆ ಮೂರನೇ ಮಹಡಿಯ ಅಜ್ಜಿ. ಲಿಫ್ಟು ನೆಲಕ್ಕಿಂತ ಮೂರು ಬೆರಳು ಮೇಲೆ ನಿಂತಿತ್ತು. ಅಜ್ಜಿ ಅಷ್ಟೂ ಜನರನ್ನು ನೋಡುವ ಆತುರದಲ್ಲಿ ಕಾಲಿಟ್ಟರು, ಗಾಡಿಯ ಗಾಲಿ ಅಂಚಿನಿಂದ ಜಾರಿತು, ಅದರ ಹಿಂದೆ ಅಜ್ಜಿಯೂ ಮುಗ್ಗರಿಸಿದರು. ನಾನು ಪೆನ್ನು ಬಿಸಾಕಿ ಇದ್ದ ಒಂದು ಕೈಯಿಂದ ಅವರ ರಟ್ಟೆ ಹಿಡಿದೆ. ಅವರ ಕನ್ನಡಕ ಹೋಗಿ ನಾಯಿಯ ಮುಂದೆ ಬಿತ್ತು. ಚಿನಕುರುಳಿ ಎದ್ದು ಕಿಟಾರನೆ ಕಿರುಚಿದಳು.

"ಏನಾಗಿಲ್ಲ, ಏನಾಗಿಲ್ಲ" ಎಂದರು ಮ್ಯಾನೇಜರು. "ಸಹಿ ಸಾರ್."

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಮಗು ಹೇಗೂ ಎದ್ದಿತ್ತು, ಇನ್ನು ಪಿಸುಗುಟ್ಟುವ ಹಂಗಿರಲಿಲ್ಲ.

"ಏನ್ರೀ ಏನಾಗಿಲ್ಲ? ಹೋದ ವಾರ ಎರಡು ಬೆರಳು ಇದ್ದಿದ್ದು ಇವತ್ತು ಮೂರಾಗಿದೆ! ಒಬ್ಬರಿದ್ರೆ ಮೇಲೆ ನಿಲ್ಲುತ್ತೆ, ಏಳು ಜನ ತುಂಬಿದ್ರೆ ಅಷ್ಟೇ ಕೆಳಗೆ ನಿಲ್ಲುತ್ತೆ. ಬ್ರೇಕು ಹಿಡೀತಿಲ್ಲ, ಜಾರ್ತಾ ಇದೆ. ನನ್ನ ಮಗೂನ ದಿನಾ ಇದರಲ್ಲೇ ಮಲಗಿಸ್ತೀನಿ ನಾನು! ಸಹಿ ಗಿಹಿ ಏನೂ ಇಲ್ಲ. ನಾನು ಇನ್ಸ್‌ಪೆಕ್ಟರೂ ಅಲ್ಲ. ಮೇಡಂ, ಹನ್ನೊಂದೂವರೆಗೆ ನಿಮ್ಮ ಜೊತೆ ಸಂದರ್ಶನ ಇತ್ತಲ್ಲ, ಆ ಬಡಪಾಯಿ ನಾನೇ."

ನಾಯಿಯೂ ಕನ್ನಡಕ ನೆಕ್ಕುವುದನ್ನು ನಿಲ್ಲಿಸಿತು.

ಮೊದಲು ಚೇತರಿಸಿಕೊಂಡವರು ಮ್ಯಾನೇಜರು. "ಮೋಸ! ಪೊಲೀಸ್ ಕರೀರಿ! ಸರ್ಕಾರಿ ಅಧಿಕಾರಿ ಅಂತ ಹೇ‍ಳ್ಕೊಂಡು..."

"ಯಾರಿಗೆ ಹೇಳಿದಾ?" ಎಂದರು ಅಜ್ಜಿ ನನ್ನ ಕೈ ಬಿಡದೆ. "ಇನ್ಸ್‌ಪೆಕ್ಟರ್ ಅಂತ ಹೇಳಿದ್ದು ನಾನು. ಅವನು ನನಗೆ ಹೇಳಿದ್ದು ಬರೀ ಶ್ ಅಂತ."

"ನಿಮಗೆ?" ಎಂದು ಎಂಜಿನಿಯರಮ್ಮ ಮೇಷ್ಟ್ರನ್ನು ಕೇಳಿದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡೋಣ ಅಂದರು."

ನಾಯಿಯವರಿಗೂ ನೋಡೋಣ. ಗೊಂಚಲಣ್ಣನಂತೂ ಅಳುಮೋರೆ ಮಾಡಿ, "ಇನ್ಸ್‌ಪೆಕ್ಟರ್ ಅಲ್ಲ ಅಂತ್ಲೇ ಹೇಳಿದ್ರು ಮೇಡಂ, ಎರಡು ಸಲ. ನಾನೇ ನಂಬ್ಲಿಲ್ಲ" ಎಂದ.

ಎಂಜಿನಿಯರಮ್ಮ ಕೈ ಚಾಚಿದರು. ನೋಟ್‌ಬುಕ್ಕು ಕೊಟ್ಟೆ. ಅವರು ನಿಂತಲ್ಲೇ ಓದತೊಡಗಿದರು. 'ಮೂರನೇ ಮಹಡಿ, ಎರಡೂಕಾಲು ಬೆರಳು ಮೇಲೆ. ಗೊರಕೆ ಶುರು. ಏಳನೇ ಮಹಡಿ, ಸುಟ್ಟ ವಾಸನೆ. ಜೊಲ್ಲು, ಟೈ ಬದಲಿಸಬೇಕು.' ಇಂಥವು ಮೂವತ್ತೊಂದು ಪುಟ. ಆ ಭಾಷೆಯಲ್ಲಿ ಬರೆಯುವುದನ್ನು ರೂಢಿ ಮಾಡಿಕೊಳ್ಳಲೆಂದು ಅವರ ಭಾಷೆಯಲ್ಲೇ ಬರೆದಿದ್ದೆ, ಗ್ರಹಚಾರ.

"ಯಂತ್ರದ ಕೋಣೆ ನೋಡಿದ್ದೀರಾ?"

"ಇಲ್ಲ ಮೇಡಂ, ಅದಕ್ಕೆ ಬೀಗ ಇದೆ. ಮಗು ಮಲಗಿಸೋಕೆ ಅಲ್ಲಿಗೆ ಹೋಗ್ಬೇಕಾಗಿರಲಿಲ್ಲ."

ಅವರು ಗೊಂಚಲಣ್ಣನಿಂದ ಬೀಗದಕೈ ಕಿತ್ತುಕೊಂಡು ಮೆಟ್ಟಿಲಲ್ಲೇ ಮೇಲೆ ಹೋದರು. ನಾವೆಲ್ಲ ಕೆಳಗೆ ಕಾದೆವು. ಅಷ್ಟರಲ್ಲಿ ಹೆಂಡತಿ ಆಸ್ಪತ್ರೆಯಿಂದ ಓಡಿ ಬಂದಳು. ನನ್ನ ಮುಖ, ಮ್ಯಾನೇಜರ ಮುಖ ಎರಡೂ ನೋಡಿ, ಏನೂ ಕೇಳದೆ ಮಗುವನ್ನು ಎತ್ತಿಕೊಂಡು ನನ್ನ ಪಕ್ಕ ಒತ್ತಿ ನಿಂತಳು. ಯಾರಾದರೂ ಇಷ್ಟು ಹೆದರಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಎಂಜಿನಿಯರಮ್ಮ ಇಳಿದು ಬಂದಾಗ ಎರಡೂ ಅಂಗೈ ಕಪ್ಪಗಿತ್ತು. ಅದನ್ನು ಮ್ಯಾನೇಜರ ಮೂಗಿನ ಕೆಳಗೆ ಹಿಡಿದರು. "ಬ್ರೇಕಿನ ಪಟ್ಟಿ ಸವೆದು ಪುಡಿಯಾಗಿದೆ. ವಿದ್ಯುತ್ ತೆಗೆದು ಬೀಗ ಹಾಕಿ ಬಂದಿದ್ದೀನಿ. ಇನ್ನೊಂದು ವಾರ ಇದ್ದಿದ್ರೆ ಯಾರ ಗತಿ ಏನಾಗ್ತಿತ್ತೋ. ಮೂರು ಸಲ ಬಂದು ನೋಡಿದೆ ಅಂತ ಸುಳ್ಳು ಬರೆದಿರೋ ನಮ್ಮ ಮೆಕ್ಯಾನಿಕ್ಕನ ಗತಿ ನಾನು ನೋಡ್ಕೊಳ್ತೀನಿ. ನಿಮಗೆ ಪೊಲೀಸ್ ಬೇಕಾ? ಕರೀರಿ. ನಾನೂ ಮಾತಾಡ್ತೀನಿ."

ಮ್ಯಾನೇಜರಿಗೆ ಪೊಲೀಸ್ ಬೇಕಾಗಿರಲಿಲ್ಲ.

ಆಮೇಲೆ ಆಕೆ ನನ್ನ ಟೈಯಿಂದ ಶುರುಮಾಡಿ ಪಟ್ಟೆ ಪೈಜಾಮದ ಮೇಲೆ ಹಾಯ್ದು ಚಪ್ಪಲಿಯವರೆಗೆ ನೋಡಿದರು. ಕೈಗಡಿಯಾರ ನೋಡಿದರು. "ಸಂದರ್ಶನ ಇದ್ದದ್ದು ಹನ್ನೊಂದೂವರೆಗೆ. ಈಗ ಹನ್ನೆರಡೂಕಾಲು. ಮುಕ್ಕಾಲು ಗಂಟೆ ಲೇಟು. ಇನ್ನು ಮುಂದೆ ಹೀಗಾಗಬಾರದು."

ಆ 'ಇನ್ನು ಮುಂದೆ' ನನಗೆ ಅರ್ಥವಾಗುವ ಮೊದಲೇ ಹೆಂಡತಿ ಅಳಲು ಶುರುಮಾಡಿದ್ದಳು.

ಕೆಲಸದ ಪತ್ರ ಕೈಗೆ ಬಂದಾಗ ಫ್ರಿಜ್ಜಿನ ಮೇಲೆ ಎರಡು ಎಂದಿತ್ತು. ಹೆಂಡತಿ ಆ ಕಾಗದವನ್ನು ಕಿತ್ತು ನಾಲ್ಕು ಚೂರು ಮಾಡಿದಳು. ಚಿನಕುರುಳಿ ಒಂದು ಚೂರು ತಿಂದಳು. ಕೆಲಸದಲ್ಲಿ ನಾನು ಹಾಕಿದ ಮೊದಲ ಸಹಿ ನಮ್ಮ ಕಟ್ಟಡದ್ದೇ: 'ದುರಸ್ತಿಗಾಗಿ ಲಿಫ್ಟು ಇನ್ನೂ ನಾಲ್ಕು ವಾರ ಬಂದ್.' ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಅವತ್ತಿನಿಂದ ನನ್ನ ಮೇಲಿನ ಸಿಟ್ಟು ಮಹಡಿಯಿಂದ ಮಹಡಿಗೆ ಏರುತ್ತಾ ಹೋಗಿದೆ. ಎರಡನೇ ಮಹಡಿಯ ಮೇಷ್ಟ್ರು ಬರೀ ಗೊಣಗುತ್ತಾರೆ, ಐದನೇ ಮಹಡಿಯ ನಾಯಿಯವರು ನಾಯಿಯ ಹಗ್ಗ ಸಡಿಲ ಬಿಡುತ್ತಾರೆ. ಇವನು ಇಲಾಖೆಯವನೇ, ಅದಕ್ಕೇ ಹೀಗೆ ಮಾಡಿದ ಎನ್ನುವವರು ಈಗಲೂ ಇದ್ದಾರೆ.

ಕೆಲಸ ಸಿಕ್ಕ ಮೇಲಿನ ಮೊದಲ ಭಾನುವಾರ. ಹನ್ನೊಂದೂವರೆಗೆ ಚಿನಕುರುಳಿ ಕಣ್ಣುಜ್ಜಿ, "ಅಪ್ಪಾ, ಗುಂಯ್" ಎಂದಳು. ಗುಂಯ್ ಎಲ್ಲಿಂದ ತರಲಿ? ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದೆ, ಬಾಯಲ್ಲೇ ಗುಂಯ್ ಎನ್ನುತ್ತಾ. ಕೆಳಗೆ ಅಜ್ಜಿ ತುಂಬಿದ ಗಾಡಿಯೊಂದಿಗೆ ಕಾದಿದ್ದರು. "ಬಂದ್ಯಾ? ಲಿಫ್ಟು ನಿಲ್ಲಿಸಿದೋನು ನೀನು, ಗಾಡಿ ಹೊರೋನೂ ನೀನೇ" ಎಂದರು. ಒಂದು ಹೆಗಲಿಗೆ ಮಗು, ಇನ್ನೊಂದು ಕೈಗೆ ಗಾಡಿ. ಮೂರನೇ ಮಹಡಿಯಲ್ಲಿ ಗಾಡಿ ಇಳಿಸಿದಾಗ ಮಗುವಿನ ಗೊರಕೆ ಕೇಳಿಸಿತು. ನಿಂತೆ. ಗೊರಕೆ ನಿಂತಿತು, ಒಂದು ಕಣ್ಣು ಅರ್ಧ ತೆರೆಯಿತು. ಮತ್ತೆ ಹತ್ತತೊಡಗಿದೆ. ಏಳನೇ ಮಹಡಿ ಮುಟ್ಟಿ, ತಿರುಗಿ ಇಳಿದು, ಮತ್ತೆ ಹತ್ತುತ್ತಿದ್ದಾಗ ಅತ್ತೆಯ ವಿಡಿಯೋ ಫೋನು ಬಂತು. ಬೆವರಿಗೆ ಟೈ ಕೊರಳಿಗೆ ಅಂಟಿತ್ತು.

"ಅಳಿಯಂದ್ರೇ, ಇದೇನು ಹಿಂಗೆ ಏದುಸಿರು? ಮುಖ ಎಲ್ಲ ಕೆಂಪಗಾಗಿದೆ! ಭಾನುವಾರಾನೂ ಬಿಡಲ್ವಾ ಅವ್ರು? ಅದೇನು ಕೆಲ್ಸ ಅಂತ ನನಗಾದ್ರೂ ಬಿಡಿಸಿ ಹೇಳ್ಬಾರ್ದಾ?"

ಹೆಗಲ ಮೇಲೆ ಮಗು ಮಿಸುಕಿತು. ನಾನು ತುಟಿಯ ಮೇಲೆ ಬೆರಳಿಟ್ಟು, "ಶ್" ಎಂದೆ.

ಅತ್ತೆಯ ಕಣ್ಣು ಅರಳಿತು. ಅಲ್ಲಿ, ಸಾವಿರಾರು ಮೈಲಿ ಆಚೆ, ತಮ್ಮ ಅಡುಗೆಮನೆಯ ನಾಲ್ಕು ಮೂಲೆಯನ್ನೂ ಒಮ್ಮೆ ನೋಡಿ, ಫೋನಿಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರು.

"ಓ... ಗುಟ್ಟಾ?"